ಹಸಿ ತೆನಿಗೆ ಬಂಗಾರದ ಬಣ್ಣ

ನಮ್ಮ ಶಶಿಕಲಾ ಇವತ್ತು ಸಿಂಧನೂರಾಗ ಸ್ವಂತ ಫೋಟೋ ಸ್ಟುಡಿಯೋ ತೆರದಾಳ್ರೀ! ನನ್ನ ಮಗನ ಮಗಳು, ಇಪ್ಪತ್ಮೂರು ತುಂಬಿದಾಕಿ. ಅದೂ ಎಲ್ಲಿ ಅಂತೀರಿ? ಅಮರಪ್ಪನ ಸ್ಟುಡಿಯೋದ ಎದುರಿಗೆ. ನಡುವ ಒಂದು ರಸ್ತೆ, ಅಷ್ಟ. ಅವ ತನ್ನ ಕುರ್ಚಿ ಮ್ಯಾಲೆ ಕುಂತು ತಲಿ ಎತ್ತಿದ್ರ ಸಾಕು, ನನ್ನ ಮೊಮ್ಮಗಳ ಹೆಸರಿನ ಬೋರ್ಡು ಕಣ್ಣಿಗೆ ಹೊಡೀಬೇಕು. ಮಳಿಗಿ ಹುಡುಕುವಾಗ ಬಸ್‌ಸ್ಟ್ಯಾಂಡ್ ಕಡೆ ಇದಕ್ಕಿಂತ ಛಲೋದು ಒಂದು ಸಿಕ್ಕಿತ್ತು. ನಾನ ಬ್ಯಾಡ ಅಂದೆ.

"ಅಜ್ಜಿ, ಅಲ್ಲೆ ಗಿರಾಕಿ ಜಾಸ್ತಿ ಬರ್ತಾರ" ಅಂದ್ಲು ಹುಡುಗಿ.

"ಗಿರಾಕಿ ಎಲ್ಲೆ ಇದ್ರೂ ಬರ್ತಾರ. ಅಮರಪ್ಪ ಇಲ್ಲೆ ಅಷ್ಟ ಇರ್ತಾನ" ಅಂದೆ.

ನಾನು ನಾಕನೇತ್ತ ತನಕ ಸಾಲಿ ಕಲ್ತಾಕಿ. ಒತ್ತಕ್ಷರ ಬಂದ್ರ ಕೈ ನಿಂತಬಿಡ್ತೈತಿ. ಆದ್ರೂ ಇದನ್ನ ಬರೀದ ಬಿಟ್ರ ನನಗ ನಿದ್ದಿ ಬರೂದಿಲ್ಲ. ಇವತ್ತು ಮುಂಜಾನೆ ಅಂಗಡಿ ಬಾಗಿಲಿಗೆ ಮಾವಿನ ತಳಿರಿನ ಜೋಡಿ ನಮ್ಮ ಹೊಲದ ಭತ್ತದ ತೆನಿ ಕಟ್ಟಿಸಿದೆ. ಹಸಿ ತೆನಿ, ಇನ್ನಾ ಮಂಜು ಆರಿರಲಿಲ್ಲ. ಅದರ ವಾಸನಿ ಮೂಗಿಗೆ ಬಡದದ್ದ ತಡ, ಹೋದ ವರ್ಷದ ಕಾರ್ತೀಕ ಪೂರ್ತಿ ಕಣ್ಣ ಮುಂದ ಬಂದ ನಿಂತಬಿಡ್ತು. ಅಳೂ ಬಂತು, ನಗೂ ಬಂತು. ನಗುನ ಹೆಚ್ಚು ಬಂತು ಅನ್ರಿ, ಯಾಕಂದ್ರ ಅದ ಹೊತ್ತಿಗೆ ಎದುರಿಗೆ ಅಮರಪ್ಪ ತನ್ನ ಶಟರ್ ಎತ್ತಾಕತ್ತಿದ್ದ.

ವಳಕಮದಿನ್ನಿಯಾಗ ನಮ್ಮದು ನಾಕೆಕರೆ ಭತ್ತದ ಗದ್ದಿ, ಕಾಲುವಿಯ ಬಾಲದ ಕಡೆ. ನೀರು ಮ್ಯಾಲಿನವರದೆಲ್ಲ ಮುಗಿದ ಮ್ಯಾಲೆ ನಮಗ ಬರಬೇಕು. ಹೋದ ವರ್ಷ ಮ್ಯಾಲಿನ ಎರಡೆಕರೆಗೆ ನೀರು ಬಂತು, ನಾಟಿ ಹಚ್ಚಿದಿವಿ. ಕೆಳಗಿನ ಎರಡೆಕರೆಗೆ ಬರೂದರಾಗ ಇಪ್ಪತ್ತು ದಿನ ಹೋದ್ವು. ಹಿಂಗಾಗಿ ದೀಪಾವಳಿ ಹೊತ್ತಿಗೆ ನಮ್ಮ ಗದ್ದಿ ಅರ್ಧ ಬಂಗಾರ, ಅರ್ಧ ಹಸುರು. ದಾರಿಯಾಗ ಹೋಗೂ ಮಂದಿ ನಿಂತು, "ಏನಬೇ, ಸೀರಿಗೆ ಎರಡು ಬಣ್ಣದ ಅಂಚು ಹಾಕಿದಂಗ ಮಾಡಿಯಲ್ಲ" ಅಂತ ನಗತಿದ್ರು. ನಗ್ಲಿ ಬಿಡ್ರಿ, ಆ ಎರಡು ಬಣ್ಣನ ನನ್ನ ಕೈ ಹಿಡೀತು.

ಶಶಿ ಆಗ ಅಮರಪ್ಪನ ಹತ್ರ ಕೆಲಸಕ್ಕ ಹೋಗಾಕತ್ತು ಎರಡು ವರ್ಷ ಆಗಿತ್ತು. ಪಾಸ್‌ಪೋರ್ಟ್ ಫೋಟೋ ತಗಿಯೂದು, ಲಗ್ನದ ಆಲ್ಬಮ್ ಜೋಡಿಸೂದು. ನನಗ ಆ ಮನುಷ್ಯಾನ ಹೆಸರು ಕೇಳಿದ್ರ ಮೈ ಉರೀತಿತ್ತು, ಅದರ ಕಾರಣ ಮುಂದ ಹೇಳ್ತೀನಿ. ಆದ್ರ ಹುಡುಗಿಗೆ ಕೆಲಸ ಕಲೀಬೇಕಂತ ಇತ್ತು, ಸಿಂಧನೂರಾಗ ದೊಡ್ಡ ಸ್ಟುಡಿಯೋ ಅಂದ್ರ ಅವಂದ. ನಾ ಹಲ್ಲು ಕಚ್ಚಿ ಕಳಿಸಿದೆ. ತನ್ನ ಪಗಾರದಾಗ ಒಂದು ಹಳೀ ಕ್ಯಾಮೆರಾ ಕೊಂಡಿದ್ಲು. ಲಿಂಗಸುಗೂರಾಗ 'ಸುಗ್ಗಿಯ ನೆಲ' ಅನ್ನೂ ವಿಷಯದ ಮ್ಯಾಲೆ ಫೋಟೋ ಸ್ಪರ್ಧಾ ಐತಿ, ಚಿತ್ರ ಪ್ರದರ್ಶನಾನೂ ಇಡ್ತಾರ ಅಂತ ಯಾರೋ ಹೇಳಿದ್ರು. ಅವತ್ತಿನಿಂದ ಕೂಸು ಮನಿಯಾಗ ನಿಲ್ಲಲಿಲ್ಲ.

ಒಂಟಿ ಹುಡುಗಿ ಗುಡ್ಡ ಗದ್ದಿ ತಿರುಗೂದು ಬ್ಯಾಡಂತ ನಾನೂ ಗಾಡಿ ಹಿಂದ ಕುಂತು ಹೊಂಟೆ. ರಜಾ ಇದ್ದ ದಿನೆಲ್ಲ ನಮ್ಮಿಬ್ಬರದು ತಿರುಗಾಟ. ಲಿಂಗಸುಗೂರು ದಾರಿಯಾಗ ಹತ್ತಿ ಒಡದು ಬಿಳಿ ಬಿದ್ದಿತ್ತು. ಮಸ್ಕಿ ಕಡೆ ತೊಗರಿ ಹಳದಿ ಹೂ ಹೊತ್ತು ನಿಂತಿತ್ತು, ಅದರ ಹಿಂದ ಗುಡ್ಡದ ಬಂಡಿಗಲ್ಲು ಒಂದರ ಮ್ಯಾಲೊಂದು. ನನಗ ಕಣ್ಣು ತುಂಬಿ ಬರೂವಷ್ಟು ಚಂದ. ಆದ್ರ ಈ ಹುಡುಗಿ ಕ್ಯಾಮೆರಾದಾಗ ನೋಡಿದ್ರ ಎಲ್ಲಾ ಬೂದಿ! ಕಪ್ಪು ಬಿಳಿ!

"ಏನಲೇ ಇದು? ಮಷಿನ್ ಕೆಟ್ಟೈತೇನು?"

"ಇಲ್ಲ ಅಜ್ಜಿ, ನಾನ ಹಂಗ ಇಟ್ಟೀನಿ."

ನನಗ ಸಿಟ್ಟು ನೆತ್ತಿಗೇರ್ತು. ನಮ್ಮ ಮನಿ ಗೋಡಿ ಮ್ಯಾಲೆ ಕಪ್ಪು ಬಿಳಿ ಫೋಟೋ ಅಂದ್ರ ಮೂರ: ನಮ್ಮ ಮಾವ, ನಮ್ಮ ಅತ್ತಿ, ನನ್ನ ಗಂಡ. ಮೂರಕ್ಕೂ ಹಾರ. ನಮ್ಮ ಕಡೆ ಕಪ್ಪು ಬಿಳಿ ಫೋಟೋ ಅಂದ್ರ ಸತ್ತವರದು, ತಿಥಿ ದಿನ ಒರೆಸಿ ಕುಂಕುಮ ಹಚ್ಚೂದಕ್ಕ ಇರೂದು. "ನಿಂತ ಬೆಳಿಯನ್ನ ಗೋಡಿಗೆ ಏರಿಸ್ತೀಯೇನು? ಇನ್ನಾ ಕೊಯ್ಲಾಗಿಲ್ಲ, ಈಗ ಅದಕ್ಕ ಹಾರ ತರ್ಲೇನು?" ಅಂತ ಗುಡ್ಡದ ಬುಡದಾಗ ನಿಂತು ಬೈದೆ. ಕುರಿ ಕಾಯವ ಒಬ್ಬ ನಮ್ಮ ಜಗಳ ನೋಡಕೋಂತ ಕುರಿ ಮರತುಬಿಟ್ಟ.

ಶಶಿ ಸಿಟ್ಟಿಗೇಳಲಿಲ್ಲ. ತನ್ನ ಮೊಬೈಲಾಗ ಅದ ಗುಡ್ಡದ ಬಣ್ಣದ ಫೋಟೋ ತಗದ್ಲು, ಕ್ಯಾಮೆರಾ ಬಾಜೂಕ ಹಿಡದ್ಲು. "ಇದರಾಗ ಮೊದಲ ಏನ ಕಾಣ್ತೈತಿ ಹೇಳು?"

"ತೊಗರಿ ಹೂ."

"ಇದರಾಗ?"

ನೋಡಿದೆ. ಕಲ್ಲು ಕಂಡ್ವು. ಒಂದೊಂದು ಕಲ್ಲಿಗೂ ಹೊಟ್ಟಿ, ಬೆನ್ನು, ನಡುವಿನ ಬಿರುಕು. ಇಷ್ಟು ವರ್ಷ ಮಸ್ಕಿಗೆ ಸಂತಿಗೆ ಬಂದು ಹೋಗೀನಿ, ಆ ಬಿರುಕು ಒಂದೂ ನೋಡಿರಲಿಲ್ಲ. ಆದ್ರ ಒಪ್ಪಿಕೊಳ್ಳೂದು ಹೆಂಗ? "ಕಲ್ಲು ಅದಾವ ಖರೆ, ನನ್ನ ಹೂ ಎಲ್ಲಿ ಹೋದ್ವು?" ಅಂದೆ.

"ಹೂ ನೋಡಕೋಂತ ನಿಂತವರು ಗುಡ್ಡ ನೋಡೂದಿಲ್ಲ ಅಜ್ಜಿ" ಅಂದ್ಲು. ಮತ್ತ ಅದ ಸಂಜೀಗೆ ಕಲ್ಲಿಗೆಲ್ಲ ಕೆಂಪು ಬಿಸಿಲು ಬಿದ್ದಾಗ ತಾನ ಕ್ಯಾಮೆರಾ ತಿರುವಿ ಬಣ್ಣಕ್ಕ ಹಾಕಿದ್ಲು. "ಈಗ ಬಣ್ಣ ಬಿಟ್ರ ಈ ಫೋಟೋದಾಗ ಏನೂ ಉಳಿಯೂದಿಲ್ಲ" ಅಂದ್ಲು. ಹಟ ಅಲ್ಲ, ಲೆಕ್ಕಾಚಾರ ಐತಿ ಇದರಾಗ ಅಂತ ಅವತ್ತು ತಿಳೀತು. ಆದ್ರೂ ಮನಿಗೆ ಬಂದು ಮಗನ ಮುಂದ ಚಾಡಿ ಹೇಳಿದೆ. ನನ್ನ ಮಗ ಬಸವರಾಜ ಹಟ್ಟಿ ಬಂಗಾರದ ಗಣಿಯಾಗ ಪಾಳಿ ಕೆಲಸ ಮಾಡ್ತಾನ. ಉಣ್ಣಾಕ ಕುಂತವ ನಕ್ಕು, "ಯವ್ವಾ, ನಾ ದಿನಾ ಬಂಗಾರದ ಕಲ್ಲ ಅಗೀತೀನಿ. ನೆಲದಾಗ ಅದು ಹಳದಿ ಇರೂದಿಲ್ಲ, ಬೂದಿ ಕಲ್ಲ ಇರ್ತೈತಿ. ನಿನ್ನ ಮೊಮ್ಮಗಳು ನಮ್ಮ ಕಡೇಕಿನ ಆಗ್ಯಾಳ ಬಿಡು" ಅಂದ. ಅಪ್ಪ ಮಗಳು ಒಂದಾದ ಮ್ಯಾಲೆ ನನ್ನ ಮಾತು ಯಾರು ಕೇಳ್ತಾರ?

ದೀಪಾವಳಿ ಪಾಡ್ಯದ ಮರುದಿನ ಮುಂಜಾನೆ ಇಬ್ಬರೂ ಗದ್ದಿಗೆ ಹೋದಿವಿ. ಮಂಜು ಬಿದ್ದಿತ್ತು. ಸೂರ್ಯ ಕಾಲುವಿ ಏರಿ ಮ್ಯಾಲಿಂದ ಆಗ ತಾನ ಇಣುಕಿ ನೋಡಾಕತ್ತಿದ್ದ. ಶಶಿ ಒಡ್ಡಿನ ಮ್ಯಾಲೆ ಕುಕ್ಕರಗಾಲಿಲೆ ಕುಂತು ಉಸಿರು ಹಿಡದು ಒಂದು ತಗದ್ಲು. ಮತ್ತ ಒಂದು. ನಾನು, "ನನಗಂತ ಒಂದು ಬಣ್ಣದ್ದು ತಗಿ, ತಾಯಿ" ಅಂದೆ. "ತಡಿ ಅಜ್ಜಿ" ಅಂದ್ಲು. ಆಕಿ ತಡಿ ತಡಿ ಅನ್ನೂದರಾಗ ಹೊತ್ತು ಮ್ಯಾಲೆ ಬಂತು, ಬೆಳಕು ಚಪ್ಪಟಿ ಆತು. "ಇನ್ನ ಬ್ಯಾಡ" ಅಂತ ಎದ್ದುಬಿಟ್ಲು. ನಾ ಮುಖ ತಿರುವಿಕೊಂಡು ತೆನಿ ಮ್ಯಾಲಿನ ಹಕ್ಕಿ ಓಡಸಾಕ ಹೋದೆ.

ಶಶಿ ತಾನ ಬೆನ್ನ ಹತ್ತಿ ಬಂದು ಕ್ಯಾಮೆರಾ ನನ್ನ ಮುಖದ ಮುಂದ ಹಿಡದ್ಲು. ಒಂದ ಚಿತ್ರ. ಚಿತ್ರದ ಬುಡದಾಗ ನಮ್ಮ ಒಡ್ಡಿನ ಹತ್ರದ, ಮೊದಲ ನಾಟಿ ಹಚ್ಚಿದ ಭತ್ತ, ತಲಿ ಬಗ್ಗಿಸಿ ಮಲಗಿದಂಗ. ಅದರಾಚೆ, ತಡಾ ಆಗಿ ಹಚ್ಚಿದ ಎರಡೆಕರೆದು ಪೂರ್ತಿ ತೆನಿ ನೆಟ್ಟಗ, ತುದಿಗೊಂದು ಮಂಜಿನ ಹನಿ. ನನ್ನ ಬಾಯಿ ಸುಮ್ಮನಿರಲಿಲ್ಲ. "ಆಚೀ ಕಡೆದು ಇನ್ನಾ ಹಾಲು ಕುಡ್ಯಾಕತ್ತೈತಿ ನೋಡು" ಅಂದೆ.

"ಬಣ್ಣ ಇಲ್ಲದ ಹೆಂಗ ಗೊತ್ತಾತು ಅಜ್ಜಿ?"

"ತೆನಿ ನಿಂತ ರೀತಿ ನೋಡಿದ್ರ ಗೊತ್ತಾಗೂದಿಲ್ಲೇನ ಬೇ? ಕಾಳು ಗಟ್ಟಿ ಆದ್ರ ತಾನ ಬಗ್ಗತೈತಿ."

"ಬಣ್ಣ ಇದ್ದಿದ್ರ ಹಸುರು, ಹಳದಿ ಅಂತಿದ್ದಿ. ತೆನಿ ನೋಡತಿದ್ದಿಲ್ಲ" ಅಂದ್ಲು. ಅವತ್ತಿನಿಂದ ಆಕಿಯ ಬೂದಿ ಫೋಟೋಕ್ಕ ನಾ ಬೈಯೂದು ಬಿಟ್ಟೆ.

ದೊಡ್ಡ ಪ್ರಿಂಟ್ ಹಾಕಾಕ ಆಕಿ ಕ್ಯಾಮೆರಾದ ಕಾರ್ಡು ಅಮರಪ್ಪನ ಮಷಿನ್ನಿಗೆ ಕೊಟ್ಲು. ಅವ ಒಂದು ಅಂಗೈ ಅಗಲದ ಪ್ರಿಂಟ್ ಕೊಟ್ಟು, "ಕಾರ್ಡು ಕೆಟ್ಟು ಹೋಗೈತಿ, ಒಳಗಿಂದು ಏನೂ ಬರಾಕತ್ತಿಲ್ಲ" ಅಂದ. ಕಾರ್ಡು ತಿರುಗಿ ಕೊಡಲಿಲ್ಲ. ಎರಡು ದಿನಕ್ಕ, "ಅಂಗಡಿಯಾಗ ಕೆಲಸ ಕಡಿಮಿ ಆಗೈತಿ, ನಾಳಿಂದ ಬರಬ್ಯಾಡವ್ವ" ಅಂತ ಕೆಲಸಾನೂ ಬಿಡಿಸಿದ. ಹುಡುಗಿ ಮನಿಗೆ ಬಂದು ದನ ಮೇವು ತಿನ್ನೂ ಗ್ವಾದಲಿ ಹತ್ರ ಕುಂತು ಅತ್ಲು. ಆಕಿ ಹತ್ರ ಉಳದದ್ದು ಆ ಅಂಗೈ ಅಗಲದ್ದ. ಅದನ್ನ ಒಂದು ರಟ್ಟಿಗೆ ಅಂಟಿಸಿ ಲಿಂಗಸುಗೂರಿಗೆ ಕಳಿಸಿದ್ಲು.

ಪ್ರದರ್ಶನದ ದಿನ ಒಳಗ ಕಾಲಿಟ್ಟ ಕೂಡ್ಲೆ ಎದುರು ಗೋಡಿಗೆ ಬಾಗಿಲಷ್ಟು ದೊಡ್ಡ ಬಣ್ಣದ ಫೋಟೋ. ಇಡೀ ಗದ್ದಿ ಬಂಗಾರ, ಈ ತುದಿಯಿಂದ ಆ ತುದಿ. ಮಂದಿ ಅದರ ಮುಂದ ನಿಂತು ಸೆಲ್ಫಿ ತಗಿಯಾಕತ್ತಿದ್ರು. ಕೆಳಗ ಅಮರಪ್ಪನ ಹೆಸರು. ಶಶಿ ನನ್ನ ಮೊಣಕೈ ಹಿಡದ್ಲು. "ಅಜ್ಜಿ, ಅದು ನಂದು. ಕಂಪ್ಯೂಟರಿಗೆ ಕೊಟ್ಟು ಬಣ್ಣ ಹಚ್ಚಿಸ್ಯಾನ."

ನೋಡಿದೆ. ನನ್ನ ಒಡ್ಡು. ಒಡ್ಡಿನ ಮ್ಯಾಲೆ ನಾನ ನೆಟ್ಟ ಬೇವಿನ ಗಿಡ. ಆಕಿಯ ಅಂಗೈ ಅಗಲದ್ದು ಬಾಗಿಲ ಸಂದಿಯಾಗ, ಕಸಬರಿಗಿ ಇಡೂ ಜಾಗದ ಹತ್ರ ಹಾಕಿದ್ರು.

ಬಹುಮಾನ ಆರಿಸೂ ಮಂದಿಯಾಗ ದೊಡ್ಡವರು ಮಸ್ಕಿಯ ಒಬ್ಬ ನಿವೃತ್ತ ಡ್ರಾಯಿಂಗ್ ಮಾಸ್ತರು. ಶಶಿ ಅವರ ಮುಂದ ಹೋಗಿ ಎಲ್ಲಾ ಹೇಳಿದ್ಲು. ಅವರು ಎರಡೂ ಫೋಟೋ ನೋಡಿದ್ರು, ಅಮರಪ್ಪನ್ನ ಕರದ್ರು. ಅವ ಬಂದ, ಬಿಳಿ ಅಂಗಿ, ಕೊರಳಾಗ ಕ್ಯಾಮೆರಾ.

"ಸರ್, ಈ ಹುಡುಗಿ ನನ್ನ ಹತ್ರ ಕೆಲಸಕ್ಕ ಇತ್ತು. ನನ್ನ ಕಲರ್ ಫೋಟೋನ ಕಪ್ಪು ಬಿಳಿ ಮಾಡಿಕೊಂಡು ತಂದಾಳ. ಕಲರನ್ನ ಕಪ್ಪು ಬಿಳಿ ಮಾಡೂದು ಒಂದ ಬಟನ್ ಕೆಲಸ, ತಮಗ ಗೊತ್ತ ಐತಿ" ಅಂದ.

ಮಾಸ್ತರು ಹೌದು ಅನ್ನೂವಂಗ ತಲಿ ಹಾಕಿದ್ರು. "ನಿನ್ನ ಹತ್ರ ಮೂಲ ಫೋಟೋ ಐತೇನವ್ವ?" ಅಂತ ಶಶಿಗೆ ಕೇಳಿದ್ರು. ಆಕಿ, "ಕಾರ್ಡು ಅವರ ಹತ್ರನ ಐತ್ರೀ ಸರ್" ಅಂದ್ಲು. "ಕೆಟ್ಟ ಕಾರ್ಡು, ನಾ ಒಗದೀನಿ" ಅಂದ ಅಮರಪ್ಪ. ಮುಗೀತು. ನನ್ನ ಕೂಸು ಅಷ್ಟು ಮಂದಿ ಮುಂದ ಕಳ್ಳಿ ಆಗಿ ನಿಂತಿದ್ಲು. ಬಣ್ಣದ್ದು ಒಂದು ತಗದಿದ್ರ ಈ ಗತಿ ಬರ್ತಿರಲಿಲ್ಲಂತ ನನಗ ಒಳಗ ಕುದಿ.

ಅವಾಗ ಅಮರಪ್ಪ ನನ್ನ ನೋಡಿದ. "ಅಮ್ಮಾ, ನೀವು ಸ್ವಲ್ಪ ಬಾಜೂಕ ಸರೀರಿ, ಮಂದಿಗೆ ಫೋಟೋ ಕಾಣವಲ್ದು" ಅಂದ.

ಈ ಮಾತು ನಾ ಅವನ ಬಾಯಿಲೆ ಮೊದಲ ಸಲ ಕೇಳಿದ್ದಲ್ಲ. ಬಸವರಾಜನ ಲಗ್ನಕ್ಕ ಫೋಟೋ ತಗಿಯಾಕ ಬಂದವ ಇವನ. ಹೊಸದಾಗಿ ಕಲರ್ ರೀಲ್ ತಂದ ಜಂಬ ಅವಗ. ಮನಿ ಮಂದಿ ಎಲ್ಲಾ ನಿಂತ ಫೋಟೋದಾಗ ನಾನು ಮಗನ ಬಾಜೂಕ ನಿಂತಿದ್ದೆ, ಹಡದಾಕಿ ಮತ್ತ ಎಲ್ಲಿ ನಿಲ್ಲಬೇಕು? "ಅಮ್ಮಾ, ನೀವು ಸ್ವಲ್ಪ ಬಾಜೂಕ ಸರೀರಿ, ನಿಮ್ಮ ಕಪ್ಪಿಗೆ ನನ್ನ ಕಲರ್ ಕೆಡ್ತೈತಿ" ಅಂದ. ಎಲ್ಲಾರೂ ನಕ್ರು. ಮಗನ ಲಗ್ನ ಅಂತ ನಾನೂ ನಕ್ಕೆ. ಆ ಫೋಟೋದಾಗ ಇವತ್ತಿಗೂ ನನ್ನದು ಒಂದು ಭುಜ, ಒಂದು ಕೈ ಅಷ್ಟ ಐತಿ. ಬಳಿ ನೋಡಿ ಗುರುತು ಹಿಡೀಬೇಕು. ಅವತ್ತು ನುಂಗಿದ್ದು ಇಪ್ಪತ್ತೈದು ವರ್ಷ ನನ್ನ ಹೊಟ್ಟಿಯಾಗ ಕರಗಿದ್ದಿಲ್ಲ.

ನಾ ಸರೀಲಿಲ್ಲ. "ಸರೀತೀನಿ ಅಮರಪ್ಪ. ಮೊದಲ ಒಂದು ಮಾತು ಹೇಳು. ಈ ಫೋಟೋ ನೀನ ತಗದೀಯಲ್ಲ? ಕಣ್ಣಾರೆ ನೋಡಿ ತಗದೀಯಲ್ಲ?"

"ಮತ್ತ ಕಣ್ಣು ಮುಚ್ಚಿ ತಗೀತಾರೇನಮ್ಮ?" ಮಂದಿ ನಕ್ರು.

"ಅವತ್ತು ಗದ್ದಿ ಹಿಂಗ ಇತ್ತು? ಪೂರ್ತಿ ಹಣ್ಣಾಗಿತ್ತು?"

"ಪೂರ್ತಿ. ಬಂಗಾರ ಅಂದ್ರ ಬಂಗಾರ."

"ಆಚೀ ಕಡೆದೂ?"

"ಎಲ್ಲಾದೂ ಅಮ್ಮ. ಕಾಣವಲ್ದೇನು?"

ಅವನ ಬಾಯಿಂದ ಅಷ್ಟ ಬೇಕಿತ್ತು ನನಗ. ತಿರುಗಿ ಮಂದಿ ಕಡೆ ನೋಡಿದೆ. ಸಿಂಧನೂರು, ಮಸ್ಕಿ ಕಡೆಯ ಭತ್ತದ ರೈತರ ಹೆಚ್ಚು ಇದ್ರು. "ಅಣ್ಣಗೋಳ, ತಮ್ಮಗೋಳ, ಒಂದೀಟು ಹತ್ರ ಬರ್ರಿ. ಬಣ್ಣ ನೋಡಬ್ಯಾಡ್ರಿ, ತೆನಿ ನೋಡ್ರಿ. ಈಚೀ ಕಡೆ ತೆನಿ ಹೆಂಗೈತಿ? ಬಗ್ಗೈತಿ. ಆಚೀ ಕಡೆದು? ಕೋಲು ನಿಂತಂಗ ನಿಂತೈತಿ. ಹಣ್ಣಾದ ಭತ್ತದ ತೆನಿ ಹಿಂಗ ನೆಟ್ಟಗ ನಿಂತದ್ದು ನಿಮ್ಮ ಜಲ್ಮದಾಗ ಯಾರರ ಕಂಡೀರೇನು?"

ಸಿಂಧನೂರು ಕಡೆಯ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಬಂಗಾಳಿ ರೈತ ಒಬ್ಬ ಕನ್ನಡಕ ಏರಿಸಿ ಫೋಟೋಕ್ಕ ಮೂಗು ಹಚ್ಚಿ ನೋಡಿದ. "ಅರೆ, ಇದು ಹಾಲು ಇರೂ ತೆನಿ! ಹಸುರು ಇರಬೇಕು. ಬಂಗಾರ ಹೆಂಗ ಆಯ್ತು?" ಅಂದ. ಹಿಂದಿನಿಂದ ಒಬ್ಬ, "ಕಾಳ ಕಟ್ಟಿಲ್ಲ, ಬಂಗಾರ ಬಂದೈತಿ! ಆ ಬೀಜ ನನಗೂ ಒಂದು ಚೀಲ ಕೊಡೋ ಅಮರಪ್ಪ!" ಅಂದ. ನೋಡ್ರಿ, ನಗು ಅಂದ್ರ ಅದು. ಗೋಡಿ ಬಿರೀಬೇಕು, ಹಂಗ.

ಅಮರಪ್ಪನ ಮುಖ ಬೆಳ್ಳಗಾತು. "ಅದು... ಎರಡು ತಳಿ ಇರಬಹುದು" ಅಂದ.

"ಒಂದ ತಳಿ. ನಾನ ನಾಟಿ ಹಚ್ಚಿದಾಕಿ. ಇಪ್ಪತ್ತು ದಿನ ಹಿಂದ ಮುಂದ. ಆಚೀ ಕಡೆದು ಇನ್ನಾ ಗದ್ದಿಯಾಗ ನಿಂತೈತಿ, ಬಂದು ನೋಡ್ರಿ" ಅಂದೆ. ಡ್ರಾಯಿಂಗ್ ಮಾಸ್ತರು ಬಾಗಿಲ ಸಂದಿಗೆ ಹೋಗಿ ಶಶಿಯ ಅಂಗೈ ಅಗಲದ್ದು ಬಿಚ್ಚಿಕೊಂಡು ಬಂದು ಕಿಟಕಿ ಬೆಳಕಿಗೆ ಹಿಡದ್ರು. ಬಾಳ ಹೊತ್ತು ನೋಡಿದ್ರು. "ಇದರಾಗ ಸುಳ್ಳಿಗೆ ಜಾಗ ಇಲ್ಲ" ಅಂದ್ರು, ತಮ್ಮಷ್ಟಕ್ಕ ತಾವ.

ಮರುದಿನ ಬಹುಮಾನ ಆರಿಸೂ ಮೂರೂ ಮಂದಿ ವಳಕಮದಿನ್ನಿಗೆ ಬಂದ್ರು. ನಮ್ಮ ಅರ್ಧ ಗದ್ದಿ ಕೊಯ್ಲಾಗಿ ಬರೀ ಕೂಳಿ ಉಳದಿತ್ತು, ಇನ್ನರ್ಧ ಆಗ ತಾನ ಹಳದಿ ತಿರುಗಾಕತ್ತಿತ್ತು. ಮಾಸ್ತರು ಶಶಿ ಕುಂತಿದ್ದ ಜಾಗದಾಗ ಕುಕ್ಕರಗಾಲಿಲೆ ಕುಂತು ನೋಡಿದ್ರು, ಮಣಕಾಲು ನೋಯಿಸಿಕೊಂಡ್ರು ಪಾಪ. ನಮ್ಮ ಶಶಿಕಲಾ ಫಸ್ಟ್! ಅಮರಪ್ಪನ ಫೋಟೋ ತಗೀಬೇಕು ಅಂತ ಹುಕುಂ ಆತು. ಯಾರೋ ಹುಡುಗರು ಇಳಸಾಕ ಹೋದ್ರು. ನಾ ಬಿಡಲಿಲ್ಲ. "ಏರಿಸಿದವರ ಇಳಸ್ಲಿ" ಅಂದೆ. ಕಡೀಕ ಅಮರಪ್ಪ ತಾನ ಸ್ಟೂಲ್ ಹತ್ತಿದ. ನಾ ಕೆಳಗ ಸ್ಟೂಲ್ ಗಟ್ಟಿಯಾಗಿ ಹಿಡಕೊಂಡು ನಿಂತೆ, ಬಿದ್ದು ಗಿದ್ದು ಸಣ್ಣದರಾಗ ಪಾರಾದಾನು ಅಂತ. ಕಾರ್ಡು ಸಂಜೀಕ ತಾನ ಸಿಕ್ತು ಅವಗ, "ಡ್ರಾದಾಗ ಬಿದ್ದಿತ್ತು" ಅಂತ ಕಳಿಸಿಕೊಟ್ಟ.

ಒಂದು ವರ್ಷದಾಗ ಲಗ್ನ, ಕುಬಸ, ತೊಟ್ಟಿಲು ಅಂತ ಮಂದಿ ಶಶಿಯನ್ನ ಹುಡುಕಿಕೊಂಡು ವಳಕಮದಿನ್ನಿಗೆ ಬರಾಕತ್ರು. ಅದರ ಮ್ಯಾಲಿಂದ ಇವತ್ತಿನ ಈ ಮಳಿಗಿ. ಒಳಗ ಕಾಲಿಟ್ರ ಎದುರಿಗೇ ಆ ಗದ್ದಿಯ ಕಪ್ಪು ಬಿಳಿ ಫೋಟೋ, ಬಾಗಿಲಷ್ಟು ದೊಡ್ಡದು. ಓಣಿಯ ಹೆಂಗಸರು, "ಶುಭ ದಿನ ಕಪ್ಪು ಬಿಳಿ ಹಾಕೀರಲ್ಲಬೇ" ಅಂದ್ರು. "ಹೌದವ್ವ, ಒಬ್ಬನ ಕಾರಬಾರದ ತಿಥಿ ಇವತ್ತ" ಅಂದೆ. ನನ್ನ ಸೊಸಿ ಮಹಾದೇವಿ ಮೆತ್ತನ್ನ ಜೀವದಾಕಿ. "ಸಾಕು ಬಿಡ್ರಿ ಅತ್ತಿ, ಒಂದು ವರ್ಷ ಆತು" ಅಂತ ನನ್ನ ಸೆರಗು ಜಗ್ಗಿದ್ಲು. ನನ್ನದು ಇಪ್ಪತ್ತಾರನೇ ವರ್ಷ ನಡದೈತಿ, ಆಕಿಗೆ ಏನ ಗೊತ್ತು?

ಸಂಜೀಕ ಬಸವರಾಜ ಪಾಳಿ ಮುಗಿಸಿ ಹಟ್ಟಿಯಿಂದ ನೆಟ್ಟಗ ಇಲ್ಲಿಗೇ ಬಂದ. ಊರಿಗೆ ಹೋಗಿ ಉಣ್ಣೂಣು ಅಂದ್ರು ಎಲ್ಲಾರೂ. ನಾ ಒಲ್ಲೆ ಅಂದೆ. ಮಳಿಗಿ ಒಳಗ ಚಾಪಿ ಹಾಸಿಸಿದೆ, ಶಟರ್ ಪೂರ್ತಿ ಮ್ಯಾಲೆ, ಲೈಟ್ ಎಲ್ಲಾ ಹಚ್ಚಿ. ಮಗ, ಸೊಸಿ, ಶಶಿ, ಆಕಿ ತಮ್ಮ, ನಾನು, ಸಾಲಾಗಿ ಕುಂತಿವಿ. ಮಹಾದೇವಿ ಡಬ್ಬಿ ಬಿಚ್ಚಿದ್ಲು: ರೊಟ್ಟಿ, ಎಣ್ಣಿಗಾಯಿ ಬದನಿಕಾಯಿ, ಶೇಂಗಾ ಹಿಂಡಿ, ಹೋಳಿಗಿ, ಮ್ಯಾಲೆ ತುಪ್ಪ.

ಎದುರಿಗೆ ಅಮರಪ್ಪ ಶಟರ್ ಅರ್ಧ ಇಳಿಸಿ ಒಳಗ ನಿಂತಿದ್ದ. ಅವನ ಸ್ಕೂಟರ್ ನೆಳ್ಳಿಗಂತ ನಮ್ಮ ಮಳಿಗಿ ಮೆಟ್ಟಲ ಹತ್ರ ಹಚ್ಚಿದ್ದ, ಮನಿಗೆ ಹೋಗಬೇಕಂದ್ರ ನಮ್ಮ ಊಟದ ಸಾಲಿನ ಮುಂದ ಬಂದು ತಗೊಂಡು ಹೋಗಬೇಕು. ಕೀಲಿ ಕೈಯಾಗ ಹಿಡಕೊಂಡು ಒಮ್ಮೆ ಹೊರಗ ಇಣುಕಿದ, ಒಮ್ಮೆ ಒಳಗ ಹೋದ.

ಶಶಿ ಅದನ್ನ ನೋಡಿದ್ಲು. "ಅಜ್ಜಿ, ಸ್ಕೂಟರ್ ಆಚೀ ಕಡೆ ದೂಡಿ ಕೊಟ್ಟು ಬರ್ಲೇನು?"

"ಎಂಜಲ ಕೈಲೆ ಏಳಬಾರದು. ಕೂಡು" ಅಂದೆ.

ಬಸವರಾಜ ನಗು ತಡಿಯಲಾರದ ನೀರಿನ ಗ್ಲಾಸಿಗೆ ಬಾಯಿ ಹಚ್ಚಿದ. ಅಮರಪ್ಪ ಮತ್ತೊಮ್ಮೆ ಇಣುಕಿದ. ನಾ ಗೋಡಿಗೆ ಬೆನ್ನು ಕೊಟ್ಟು, ಕಾಲು ಚಾಚಿ ಆರಾಮ ಕುಂತೆ.

"ಯಾರೂ ಅವಸರ ಮಾಡಬ್ಯಾಡ್ರಿ" ಅಂದೆ, "ನಿಧಾನಕ ಉಣ್ರಿ. ಮಹಾದೇವಿ, ನನಗ ಇನ್ನೊಂದು ಹೋಳಿಗಿ ಹಾಕು."